ಪಕ್ಕದ ಸೀಟಿನ ಕೆಲಸ: ಬೆಂಗಳೂರಿನಿಂದ ದೆಹಲಿಗೆ ಒಬ್ಬನೇ ಕಾರಿನಲ್ಲಿ

ದೆಹಲಿಗೆ ವರ್ಗವಾದಾಗ ಕಾರನ್ನೂ ಅಲ್ಲಿಗೆ ಸಾಗಿಸಬೇಕಿತ್ತು. ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಮನೆಯವರು ಬೆಂಗಳೂರಿನಲ್ಲೇ ಉಳಿಯಬೇಕಾಗಿದ್ದರಿಂದ, ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಸುಮಾರು 2,150 ಕಿಲೋಮೀಟರ್ ದೂರವನ್ನು ನಾನೊಬ್ಬನೇ ಓಡಿಸಿಕೊಂಡು ಹೋಗುವುದೆಂದು ತೀರ್ಮಾನವಾಯಿತು. ಶ್ರೀನಗರದಿಂದ ಕನ್ಯಾಕುಮಾರಿಯವರೆಗೆ 3,700 ಕಿಲೋಮೀಟರಿಗೂ ಮಿಕ್ಕಿ ಹಬ್ಬಿರುವ ಈ ಹೆದ್ದಾರಿ ನಮ್ಮಲ್ಲಿ ಚಿಕ್ಕಬಳ್ಳಾಪುರ, ಬಾಗೇಪಲ್ಲಿಗಳನ್ನು ಹಾದು ಆಂಧ್ರವನ್ನು ಸೇರುತ್ತದೆ. ಹೊರಡಲು ನವೆಂಬರ್ ತಿಂಗಳನ್ನು ಆರಿಸಿಕೊಂಡೆ. ಆ ಹೊತ್ತಿಗೆ ನಾಗಪುರದ ಬಿಸಿಲು ಇಳಿದಿರುತ್ತದೆ, ಗ್ವಾಲಿಯರ್‌ನಿಂದಾಚೆಗೆ ಡಿಸೆಂಬರ್, ಜನವರಿಯಲ್ಲಿ ಕವಿಯುವ ದಟ್ಟ ಮಂಜು ಇನ್ನೂ ಶುರುವಾಗಿರುವುದಿಲ್ಲ.

ಒಬ್ಬರೇ ಓಡಿಸುವಾಗ ಕಷ್ಟವಾಗುವುದು ಸ್ಟಿಯರಿಂಗ್ ಹಿಡಿಯುವುದಲ್ಲ, ಪಕ್ಕದ ಸೀಟಿನಲ್ಲಿ ಕುಳಿತವರು ಸದ್ದಿಲ್ಲದೆ ಮಾಡುವ ಕೆಲಸ. ನಕ್ಷೆ ನೋಡುವುದು, ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಡುವುದು, ಫೋನಿಗೆ ಉತ್ತರಿಸುವುದು, ಫಾಸ್ಟ್ಯಾಗ್‌ನಲ್ಲಿ ಎಷ್ಟು ಹಣವಿದೆ ಎಂದು ನೋಡುವುದು, ಎಲ್ಲಕ್ಕಿಂತ ಮುಖ್ಯವಾಗಿ ‘ಇನ್ನು ಸಾಕು, ಎಲ್ಲಾದರೂ ನಿಲ್ಲಿಸಿ’ ಎಂದು ಹೇಳುವುದು. ಈ ಕೆಲಸಗಳಲ್ಲಿ ಒಂದನ್ನೂ ಕಾರು ಚಲಿಸುತ್ತಿರುವಾಗ ಮಾಡುವುದಿಲ್ಲವೆಂದು ನಿಶ್ಚಯಿಸಿಕೊಂಡ ಮೇಲೆ, ಪ್ರಯಾಣದ ಉಳಿದ ಏರ್ಪಾಡುಗಳೆಲ್ಲ ಆ ಒಂದೇ ನಿಯಮದಿಂದ ಹುಟ್ಟಿದವು.

ಮೊದಲನೆಯದು ದಾರಿ. ಮೊಬೈಲಿನಲ್ಲಿ ನಕ್ಷೆಯನ್ನು ಇಂಟರ್ನೆಟ್ ಇಲ್ಲದೆಯೂ ತೆರೆಯುವಂತೆ ಇಳಿಸಿಕೊಂಡಿದ್ದೆನಾದರೂ, ಅದನ್ನು ಮತ್ತೆ ಮತ್ತೆ ನೋಡದಿರಲು ಒಂದು ಹಾಳೆಯಲ್ಲಿ ನದಿಗಳ ಪಟ್ಟಿಯನ್ನು ದಪ್ಪ ಅಕ್ಷರದಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದೆ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಅನಂತಪುರ ದಾಟಿದ ಮೇಲೆ ಪಾಮಿಡಿಯಲ್ಲಿ ಪೆನ್ನಾ ಎಂಬ ಹೆಸರಿನಲ್ಲಿ ಅಡ್ಡ ಬರುತ್ತದೆ. ಕರ್ನೂಲಿನಲ್ಲಿ ತುಂಗಭದ್ರೆ, ಅದನ್ನು ದಾಟಿದರೆ ತೆಲಂಗಾಣ. ಬೀಚುಪಲ್ಲಿಯಲ್ಲಿ ಕೃಷ್ಣೆ, ನಿರ್ಮಲ್‌ಗೆ ಮೊದಲು ಗೋದಾವರಿ, ಆದಿಲಾಬಾದ್ ಕಳೆದ ಮೇಲೆ ಮಹಾರಾಷ್ಟ್ರದ ಗಡಿಯಾದ ಪೈನ್‌ಗಂಗಾ, ಮಧ್ಯಪ್ರದೇಶದ ನರಸಿಂಗ್‌ಪುರ ಮತ್ತು ಸಾಗರಗಳ ನಡುವೆ ನರ್ಮದೆ, ಕೊನೆಯಲ್ಲಿ ಮೊರೇನಾ ಮತ್ತು ಧೋಲ್‌ಪುರಗಳ ನಡುವೆ ಚಂಬಲ್. ‘ಇನ್ನು 340 ಕಿಲೋಮೀಟರ್’ ಎಂಬ ಅಂಕಿ ಒಂಟಿಯಾಗಿರುವವನನ್ನು ಆತುರಕ್ಕೆ ನೂಕುತ್ತದೆ, ‘ಮುಂದಿನದು ಗೋದಾವರಿ’ ಎಂಬುದು ನೂಕುವುದಿಲ್ಲ. ಇದು ನನ್ನ ಸ್ವಭಾವಕ್ಕೆ ಒಗ್ಗಿದ ಕ್ರಮ, ಎಲ್ಲರಿಗೂ ಒಗ್ಗಬೇಕೆಂದಿಲ್ಲ.

ಟೋಲ್ ವಿಷಯ ಸುಲಭವಾಗಿ ಮುಗಿಯಿತು. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ ವಾರ್ಷಿಕ ಫಾಸ್ಟ್ಯಾಗ್ ಪಾಸ್ (ಆರಂಭದಲ್ಲಿ 3,000 ರೂಪಾಯಿ ಇತ್ತು) ಜಾರಿಗೆ ಬಂದಿದ್ದು, ಅದು ಒಂದು ವರ್ಷ ಅಥವಾ 200 ಸಲ ದಾಟುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಆದರೆ ರಾಷ್ಟ್ರೀಯ ಹೆದ್ದಾರಿಗೆ ಸೇರದ ರಸ್ತೆಗಳಲ್ಲಿ, ಉದಾಹರಣೆಗೆ ಹೈದರಾಬಾದಿನ 158 ಕಿಲೋಮೀಟರ್ ಉದ್ದದ ಹೊರವರ್ತುಲ ರಸ್ತೆಯಲ್ಲಿ, ಅದು ನಡೆಯುವುದಿಲ್ಲವಾದ್ದರಿಂದ ಫಾಸ್ಟ್ಯಾಗ್‌ನಲ್ಲಿ ಬೇರೆ ಹಣ ಇರಲೇಬೇಕು. ಆ ರಸ್ತೆಯನ್ನು ಶಂಷಾಬಾದ್ ಬಳಿ ಹಿಡಿದು ಮೇಡ್ಚಲ್ ಕಡೆ ಇಳಿದರೆ ಊರೊಳಗಿನ ದಟ್ಟಣೆ ಪೂರ್ತಿ ತಪ್ಪುತ್ತದೆ. ನಾನು ರಾತ್ರಿ ತಂಗಿದ್ದು ಮೇಡ್ಚಲ್ ಬಳಿಯೇ. ದೊಡ್ಡ ಊರನ್ನು ಹಿಂದೆ ಹಾಕಿ ಅದರ ಆಚೆಯ ಅಂಚಿನಲ್ಲಿ ತಂಗಿದರೆ ಬೆಳಗಿನ ಮೊದಲ ಗಂಟೆ ಸಿಗ್ನಲ್‌ಗಳಲ್ಲಿ ಕಳೆಯುವುದಿಲ್ಲ.

ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ದಣಿದ ಮನಸ್ಸಿನ ಕೈಗೆ ಬಿಡಬಾರದು, ಏಕೆಂದರೆ ದಣಿದವನು ಯಾವಾಗಲೂ ‘ಇನ್ನೊಂದು ಐವತ್ತು ಕಿಲೋಮೀಟರ್’ ಎನ್ನುತ್ತಾನೆ. ಹಾಗಾಗಿ ಬೆಳಿಗ್ಗೆ ಆರಕ್ಕೆ ಹೊರಟು ಸೂರ್ಯ ಮುಳುಗುವ ಹೊತ್ತಿಗೆ ಕಾರನ್ನು ನಿಲ್ಲಿಸಿ ಆಗಿರಬೇಕು ಎಂದು ಹೊರಡುವ ಮುನ್ನವೇ ಗೊತ್ತುಮಾಡಿಕೊಂಡಿದ್ದೆ. ಆ ಹಗಲಿನಲ್ಲಿ 500ರಿಂದ 600 ಕಿಲೋಮೀಟರ್ ಧಾರಾಳವಾಗಿ ಸಾಗುತ್ತದೆ. ಕತ್ತಲಾದ ಮೇಲೆ ಈ ಹೆದ್ದಾರಿಯಲ್ಲಿ ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್, ರಸ್ತೆಯಂಚಿನಲ್ಲಿ ಕೆಟ್ಟು ನಿಂತ ಲಾರಿ, ಎದುರು ದಿಕ್ಕಿನಿಂದ ನಮ್ಮ ಪಥದಲ್ಲೇ ಬರುವ ಬೈಕು, ವಿಭಜಕದ ಪಕ್ಕ ಮಲಗಿದ ದನ, ಇವೆಲ್ಲವನ್ನೂ ಒಂದೇ ಜೋಡಿ ಕಣ್ಣು ಹುಡುಕಬೇಕಾಗುತ್ತದೆ. ಮಧ್ಯಾಹ್ನದ ತೂಕಡಿಕೆಗೆ ನನಗೆ ತಿಳಿದ ಮದ್ದು ಒಂದೇ: ಅನ್ನದ ಊಟ ಬಿಟ್ಟು ಚಟ್ನಿಪುಡಿ ಕಲಸಿದ ಅವಲಕ್ಕಿ, ಬಾಳೆಹಣ್ಣುಗಳಲ್ಲಿ ಮುಗಿಸುವುದು, ಆಮೇಲೂ ರೆಪ್ಪೆ ಭಾರವಾದರೆ ಪೆಟ್ರೋಲ್ ಬಂಕಿನ ನೆರಳಿನಲ್ಲಿ ಎಂಜಿನ್ ಆರಿಸಿ, ಗಾಜನ್ನು ಸ್ವಲ್ಪ ಇಳಿಸಿ, ಅಲಾರಂ ಇಟ್ಟು ಇಪ್ಪತ್ತು ನಿಮಿಷ ಮಲಗುವುದು. ಚಹಾ ಕುಡಿದರೆ, ಹಾಡು ಜೋರಾಗಿ ಹಾಕಿದರೆ ಆಗುತ್ತದೆ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ.

ಪ್ರತಿದಿನ ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಗೇಜ್ ಇಟ್ಟು ಗಾಳಿ ನೋಡುತ್ತಿದ್ದೆ. ನಾಗಪುರದಲ್ಲಿ ಎಡಗಡೆಯ ಹಿಂದಿನ ಚಕ್ರದಲ್ಲಿ 33 ಇರಬೇಕಾದದ್ದು 26 ತೋರಿಸಿತು. ಕಾರಿನ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಪಂಪಿನಿಂದ ತುಂಬಿಸಿಕೊಂಡು ಊರಾಚೆಯ ಒಂದು ಪಂಕ್ಚರ್ ಅಂಗಡಿಗೆ ನಿಧಾನವಾಗಿ ಹೋದೆ. ಅಂಗಡಿಯವನು ಸೋಪಿನ ನೀರನ್ನು ಟೈರಿನ ಮೇಲೆ ಸುರಿದು ಕೈಯಿಂದ ಸವರುತ್ತಾ ಹೋದ; ಒಂದು ಕಡೆ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಏಳತೊಡಗಿದವು. ಮುರಿದ ಮೊಳೆಯೊಂದನ್ನು ಇಕ್ಕಳದಿಂದ ಕಿತ್ತು, ಹಿಡಿಯಿರುವ ದಬ್ಬಣವನ್ನು ಆ ತೂತಿನಲ್ಲಿ ಹಲವು ಸಲ ಆಡಿಸಿ, ಅಂಟು ಸವರಿದ ರಬ್ಬರ್ ಎಳೆಯನ್ನು ತೂರಿಸಿ, ಹೊರಗೆ ಉಳಿದದ್ದನ್ನು ಬ್ಲೇಡಿನಿಂದ ಕತ್ತರಿಸಿದ. ಕೆಲಸದ ನಡುವೆ ತಲೆಯೆತ್ತಿ ನಂಬರ್ ಪ್ಲೇಟಿನ ‘ಕೆಎ’ ನೋಡಿ ‘ಬೆಂಗಳೂರ್ ಸೇ? ಅಕೇಲೇ?’ (ಬೆಂಗಳೂರಿನಿಂದಲೇ? ಒಬ್ಬರೇ?) ಎಂದು ಕೇಳಿದ. ದಾರಿಯುದ್ದಕ್ಕೂ ಇದೇ ಪ್ರಶ್ನೆ ತೆಲುಗಿನಲ್ಲಿ, ಮರಾಠಿಯಲ್ಲಿ, ಹಿಂದಿಯಲ್ಲಿ ಎದುರಾಗುತ್ತಿತ್ತು. ಅಪರಿಚಿತರು ಹೀಗೆ ಕೇಳಿದಾಗ ‘ಹಿಂದೆ ಇನ್ನೊಂದು ಗಾಡಿಯಲ್ಲಿ ನಮ್ಮವರು ಬರುತ್ತಿದ್ದಾರೆ’ ಎನ್ನುವುದು ನನ್ನ ಸಿದ್ಧ ಉತ್ತರವಾಗಿತ್ತು. ಅವನಿಗೆ ಮಾತ್ರ ನಿಜ ಹೇಳಿದೆ. ಮರುದಿನ ಗಾಳಿ ಇಳಿದಿದೆಯೇ ಎಂದು ಮತ್ತೊಮ್ಮೆ ನೋಡುವಂತೆ ಹೇಳಿ ಕಳುಹಿಸಿದ.

ಅಲ್ಲಿಂದ ಮುಂದೆ ಸಿವನಿಯವರೆಗೆ ಪೆಂಚ್ ಕಾಡು. ಮಹಾರಾಷ್ಟ್ರದ ಭಾಗದಲ್ಲಿ ಹೆದ್ದಾರಿಯನ್ನು ಅಲ್ಲಲ್ಲಿ ಮೇಲೆತ್ತಿ, ಪ್ರಾಣಿಗಳು ಕೆಳಗಿನಿಂದ ದಾಟುವಂತೆ ಒಂಬತ್ತು ಕಡೆ ದಾರಿ ಬಿಟ್ಟಿದ್ದಾರೆ. ಮಧ್ಯಪ್ರದೇಶದ ಕಡೆ ರಸ್ತೆಯ ಇಕ್ಕೆಲಗಳಲ್ಲಿ ಶಬ್ದ ಮತ್ತು ದೀಪದ ಬೆಳಕನ್ನು ತಡೆಯುವ ಎತ್ತರದ ಗೋಡೆಗಳಿವೆ. ಇಲ್ಲಿ ಮೊಬೈಲ್ ಸಂಕೇತ ಆಗಾಗ ಕೈಕೊಟ್ಟಿತು. ಆದ್ದರಿಂದ ಕಾಡಿಗೆ ಮೊದಲೇ ಮನೆಗೆ ಫೋನು ಮಾಡಿ, ಇಂಥ ಹೊತ್ತಿಗೆ ಸಿವನಿಯಿಂದ ಮಾತನಾಡುತ್ತೇನೆ, ಅಲ್ಲಿಯವರೆಗೆ ಗಾಬರಿಯಾಗಬೇಡಿ ಎಂದು ತಿಳಿಸಿದ್ದೆ. ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ 1033 ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದ ನದಿಗಳ ಹಾಳೆಯ ತುದಿಯಲ್ಲೇ ಬರೆದಿತ್ತು. ಬಳಸುವ ಪ್ರಮೇಯ ಬರಲಿಲ್ಲ.

ಸಾಗರದಿಂದ ಮುಂದೆ ಲಲಿತಪುರ, ಝಾನ್ಸಿಗಳಲ್ಲಿ ಉತ್ತರ ಪ್ರದೇಶ, ದತಿಯಾದಲ್ಲಿ ಮತ್ತೆ ಮಧ್ಯಪ್ರದೇಶ, ಚಂಬಲ್ ದಾಟಿದರೆ ತುಸು ಹೊತ್ತು ರಾಜಸ್ಥಾನ, ಆಗ್ರಾಕ್ಕೆ ಪುನಃ ಉತ್ತರ ಪ್ರದೇಶ, ಹೀಗೆ ರಾಜ್ಯಗಳು ಅದಲು ಬದಲಾಗುತ್ತವೆ. ಮೊರೇನಾದಲ್ಲಿ ಗಜಕ್ ಎಂಬ ಎಳ್ಳಿನ ಸಿಹಿ ಕೊಳ್ಳಲು ನಿಂತದ್ದನ್ನು ಬಿಟ್ಟರೆ ಆ ಭಾಗವನ್ನು ಸುಮ್ಮನೆ ದಾಟಿದೆ.

ಆಗ್ರಾದಿಂದ ದೆಹಲಿಗೆ ಎರಡು ದಾರಿ. 2012ರಲ್ಲಿ ತೆರೆದ 165 ಕಿಲೋಮೀಟರಿನ ಯಮುನಾ ಎಕ್ಸ್‌ಪ್ರೆಸ್‌ವೇ ವೇಗದ ದಾರಿ, ನೇರ, ಸಪಾಟು, ಕಾಂಕ್ರೀಟು. ಜೊತೆಗೊಬ್ಬರಿದ್ದರೆ ನಾನೂ ಅದನ್ನೇ ಹಿಡಿಯುತ್ತಿದ್ದೆ. ಆದರೆ ದಿನಗಟ್ಟಲೆ ಓಡಿಸಿ ಬಂದವನಿಗೆ, ಮಾತನಾಡಿಸುವವರಿಲ್ಲದಾಗ, ತಿರುವೂ ಊರೂ ಇಲ್ಲದ ರಸ್ತೆಗಿಂತ ಮಥುರಾ, ಫರೀದಾಬಾದ್‌ಗಳ ಗಲಾಟೆಯ ಹಳೆಯ ಹೆದ್ದಾರಿಯೇ ವಾಸಿ ಎನಿಸಿತು. ಅಲ್ಲಿ ಎಚ್ಚರವಾಗಿರದೆ ಗತ್ಯಂತರವಿಲ್ಲ. ಒಂದು ಗಂಟೆಗೂ ಹೆಚ್ಚು ತಡವಾಯಿತಾದರೂ ಬೆಳಕಿರುವಾಗಲೇ ಬದರ್‌ಪುರ ಗಡಿ ದಾಟಿದೆ.