ಕೀಲಿ ಯಾರ ಹತ್ತಿರ, ಸೈರನ್ ಎಲ್ಲಿ: ಕಠ್ಮಂಡುವಿನಲ್ಲಿ ಕರಡು ಬರೆದ ದಿನಗಳು

2008ರ ಮೇ ತಿಂಗಳಲ್ಲಿ ಕಠ್ಮಂಡುವಿಗೆ ಹೋದೆ. ಕೆಲಸ ದೊಡ್ಡದೇನಲ್ಲ. ಪಕ್ಷಗಳನ್ನು ಒಟ್ಟಿಗೆ ಕೂರಿಸಿ ಮಾತಾಡಿಸುವ ಒಂದು ಸಣ್ಣ ತಂಡದಲ್ಲಿ ನಾನು ಕರಡು ಬರೆಯುವವನು. ಇಬ್ಬರು ಮೂರು ಗಂಟೆ ಆಡಿದ ಮಾತನ್ನು ಅರ್ಧ ಪುಟಕ್ಕೆ ಇಳಿಸಬೇಕು. ಅದನ್ನು ಓದಿ ಇಬ್ಬರೂ "ಹೌದು, ನಾನು ಹೇಳಿದ್ದು ಇದನ್ನೇ" ಅನ್ನಬೇಕು. ಪ್ರಧಾನಿಯನ್ನು ಮಾಡಿದವನು ನಾನು ಅಂತ ಯಾರೂ ತಿಳಿಯಬೇಡಿ. ನಮ್ಮ ಮೇಜಿಗೆ ಬರುತ್ತಿದ್ದವರು ಎರಡನೇ ಸಾಲಿನ ನಾಯಕರು. ನಮ್ಮ ಕಾಗದವನ್ನು ಅವರು ಜೇಬಿನಲ್ಲಿಟ್ಟುಕೊಂಡು ಮೇಲಿನವರ ಹತ್ತಿರ ಹೋಗುತ್ತಿದ್ದರು. ಅಲ್ಲಿ ಅದು ಏನಾಯಿತು ಅನ್ನೋದು ಎಷ್ಟೋ ಸಲ ನಮಗೆ ಗೊತ್ತಾಗುತ್ತಿದ್ದದ್ದು ಪೇಪರ್ ಓದಿಯೇ.

ನೇಪಾಳದ ಮಾವೋವಾದಿ ಯುದ್ಧ 1996ರಲ್ಲಿ ಶುರುವಾಗಿ 2006ರ ನವೆಂಬರ್ 21ರ ಶಾಂತಿ ಒಪ್ಪಂದದಿಂದ ಮುಗಿಯಿತು. ಸತ್ತವರು 13,000ಕ್ಕೂ ಹೆಚ್ಚು. 2008ರ ಏಪ್ರಿಲ್‌ನಲ್ಲಿ ಸಂವಿಧಾನ ಸಭೆಗೆ ಚುನಾವಣೆ ನಡೆಯಿತು. ಒಟ್ಟು 601 ಸ್ಥಾನ, ಅದರಲ್ಲಿ ಚುನಾವಣೆಯಿಂದ ತುಂಬುವುದು 575. ಮಾವೋವಾದಿಗಳಿಗೆ 220, ನೇಪಾಳಿ ಕಾಂಗ್ರೆಸ್‌ಗೆ 110, ಅಲ್ಲಿಯವರು 'ಎಮಾಲೆ' ಅನ್ನುವ ಇನ್ನೊಂದು ಕಮ್ಯುನಿಸ್ಟ್ ಪಕ್ಷಕ್ಕೆ 103, ಭಾರತದ ಗಡಿಗೆ ಅಂಟಿದ ದಕ್ಷಿಣದ ಬಯಲು ಪ್ರದೇಶ ತರಾಯಿಯ ಮಧೇಸಿ ಜನಾಧಿಕಾರ ಫೋರಂಗೆ 52. ಯಾರಿಗೂ ಬಹುಮತ ಇಲ್ಲ.

ಕೂಡಿ ಕಳೆದು ನೋಡಿದರೆ ಇದೇನು ಕಷ್ಟದ ಲೆಕ್ಕವಲ್ಲ. ಆದರೂ ಪ್ರಧಾನಿಯ ಆಯ್ಕೆಗೆ ಆಗಸ್ಟ್ 15 ಬಂತು. ಮಧ್ಯಂತರ ಸಂವಿಧಾನದ ಪ್ರಕಾರ ಪ್ರಧಾನಿ ಎಲ್ಲರ ಸಹಮತಿಯಿಂದ ಬರಬೇಕು, ಆಗದಿದ್ದರೆ ಮೂರನೇ ಎರಡರಷ್ಟು ಮತ ಬೇಕು. ಜುಲೈನಲ್ಲಿ ಐದನೇ ತಿದ್ದುಪಡಿ ತಂದು ಸರಳ ಬಹುಮತ ಸಾಕು ಅಂದ ಮೇಲೆ ಗಾಡಿ ಮುಂದಕ್ಕೆ ಹೋಯಿತು. ಮಾವೋವಾದಿ ನಾಯಕ ಪ್ರಚಂಡ 464 ಮತ ಪಡೆದು ಗೆದ್ದರು, ಎದುರು ನಿಂತ ಕಾಂಗ್ರೆಸ್ಸಿನ ಶೇರ್ ಬಹಾದುರ್ ದೇವುಬಾಗೆ 113. ಅದಕ್ಕೂ ಮೊದಲೇ, ಜುಲೈ 21ರಂದು, ಕಾಂಗ್ರೆಸ್ಸಿನ ರಾಮ್ ಬರಣ್ ಯಾದವ್ ಮೊದಲ ರಾಷ್ಟ್ರಪತಿಯಾಗಿ ಆಯ್ಕೆಯಾಗಿದ್ದರು. ಪ್ರಧಾನಿ ಒಂದು ಕಡೆಯವರು, ರಾಷ್ಟ್ರಪತಿ ಇನ್ನೊಂದು ಕಡೆಯವರು. ಆಗ ಇದನ್ನು ನಾವೆಲ್ಲ ಒಳ್ಳೆಯ ಸಮತೋಲ ಅಂದುಕೊಂಡೆವು.

ಆ ಬೇಸಿಗೆಯಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು ಎರಡೇ ಪದ. ಮೈಕ್ ಮುಂದೆ 'ಸಹಮತಿ'. ಚಹಾ ಕುಡಿಯುವಾಗ 'ಭಾಗಬಂಡಾ', ಅಂದರೆ ಹಂಚಿಕೆ. ಯಾರಿಗೆ ಯಾವ ಖಾತೆ? ಮಾಮೂಲಿ ಸಮ್ಮಿಶ್ರ ಸರ್ಕಾರದಲ್ಲಿ ಜಗಳ ನಡೆಯುವುದು ದುಡ್ಡು ಓಡಾಡುವ ಖಾತೆಗಳಿಗೆ ಅಲ್ವಾ? ಅಲ್ಲಿ ಹಾಗಲ್ಲ. ಎಲ್ಲರ ಕಣ್ಣೂ ಗೃಹ ಮತ್ತು ರಕ್ಷಣೆಯ ಮೇಲೆ. ಪೊಲೀಸರು ಗೃಹದ ಕೈಯಲ್ಲಿ. ಪ್ರತಿ ಜಿಲ್ಲೆಯ ಮುಖ್ಯ ಅಧಿಕಾರಿ, ಎಲ್ಲರೂ 'ಸಿಡಿಒ' ಅನ್ನುವವರು, ಅವರೂ ಗೃಹದ ಕೈಯಲ್ಲಿ. ಎರಡು ವರ್ಷದ ಹಿಂದೆ ಪೊಲೀಸ್ ಠಾಣೆಗೆ ಬೆಂಕಿ ಇಟ್ಟವರು ಒಂದು ಕಡೆ, ಆ ಠಾಣೆ ಕಳೆದುಕೊಂಡವರು ಇನ್ನೊಂದು ಕಡೆ. ಗೃಹ ಖಾತೆ ಅಂದರೆ ಅವರಿಗೆ 'ರಾತ್ರಿ ನಾನು ಮನೆಯಲ್ಲಿ ಮಲಗಬಹುದಾ' ಅನ್ನುವ ಪ್ರಶ್ನೆ. ಇದು ಅರ್ಥವಾಗಲು ನನಗೆ ಎರಡು ತಿಂಗಳು ಬೇಕಾಯಿತು. ಅಲ್ಲಿಯವರೆಗೆ ನಾನು ಸುಮ್ನೆ ಸೀಟಿನ ಲೆಕ್ಕ ಹಾಕುತ್ತಿದ್ದೆ.

ಲೆಕ್ಕದ ಹುಚ್ಚಿನಲ್ಲೇ ಒಂದು ಪ್ರಯೋಗ ಮಾಡಿದೆ. ಉತ್ತರ ಐರ್ಲೆಂಡ್‌ನಲ್ಲಿ 1998ರ ಒಪ್ಪಂದದ ನಂತರ ಖಾತೆ ಹಂಚಲು 'ಡಿ ಹಾಂಟ್' ಅನ್ನುವ ಕ್ರಮ ತಂದರು. ಜಾಸ್ತಿ ಸೀಟು ಇರುವ ಪಕ್ಷ ಮೊದಲು ಒಂದು ಖಾತೆ ಆರಿಸಿಕೊಳ್ಳುತ್ತದೆ. ಆರಿಸಿಕೊಂಡ ಮೇಲೆ ಅದರ ಸೀಟನ್ನು ಎರಡರಿಂದ ಭಾಗಿಸುವುದು, ಇನ್ನೊಂದು ಸಲ ಆರಿಸಿಕೊಂಡರೆ ಮೂರರಿಂದ. ಪ್ರತಿ ಸುತ್ತಿನಲ್ಲೂ ಯಾರ ಸಂಖ್ಯೆ ದೊಡ್ಡದೋ ಅವರ ಸರದಿ. ಚೌಕಾಸಿಯೇ ಬೇಡ. ಖಾತೆಗಳ ಹೆಸರನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಹರಡಿದೆ. ಮೂರು ಪಕ್ಷಗಳಿಂದ ಮೂವರು ಕೂತಿದ್ದರು. ಮಾವೋವಾದಿಗಳಿಗೆ 220, ಮೊದಲ ಚೀಟಿ ಅವರದು. ಅವರ ಕಡೆಯ ದಾಯಿ (ನೇಪಾಳಿಯಲ್ಲಿ ದಾಯಿ ಅಂದರೆ ಅಣ್ಣ) ಯೋಚನೆಯನ್ನೇ ಮಾಡದೆ 'ರಕ್ಷಣೆ' ಎತ್ತಿಕೊಂಡರು. ಈಗ 220ನ್ನು ಎರಡರಿಂದ ಭಾಗಿಸಿದರೆ 110. ಕಾಂಗ್ರೆಸ್ಸಿನದೂ 110! ಎರಡನೇ ಚೀಟಿಗೇ ಟೈ. ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಬಿದ್ದಿದ್ದದ್ದು 'ಗೃಹ'. ಇಬ್ಬರ ಕೈಯೂ ಅದರ ಕಡೆಗೆ ಹೋಗಿ ನಿಂತವು. ಸೀಟು ಸಮ ಆದರೆ ಪಡೆದ ಮತ ನೋಡಬೇಕು, ಹಾಗೆ ನೋಡಿದರೆ ಕಾಂಗ್ರೆಸ್ಸಿಗೆ ಬರುತ್ತೆ ಅಂತ ನಾನು ಹೇಳಲು ಹೋದೆ. ಯಾರೂ ಕೇಳಲಿಲ್ಲ. ಎಮಾಲೆಯ ಹಿರಿಯರೊಬ್ಬರು ಮೆಲ್ಲಗೆ ಆ ಚೀಟಿಯನ್ನು ಎತ್ತಿ ತಮ್ಮ ಚಹಾ ಲೋಟದ ಕೆಳಗೆ ಇಟ್ಟುಕೊಂಡು, "ಭಾಇ, ಇಬ್ಬರಿಗೂ ಬೇಡ ಅಂದರೆ ನನ್ನ ಹತ್ತಿರ ಇರಲಿ" ಅಂದರು. ಎಲ್ಲರೂ ನಕ್ಕರು.

ತಮಾಷೆ ಅಂದರೆ, ಆಗಸ್ಟ್‌ನಲ್ಲಿ ಆದದ್ದೂ ಅದೇ. ಕಾಂಗ್ರೆಸ್ ಹೊರಗೆ ಉಳಿಯಿತು. ರಕ್ಷಣೆ ಮಾವೋವಾದಿಗಳಿಗೆ, ಗೃಹ ಎಮಾಲೆಯ ವಾಮದೇವ್ ಗೌತಮ್‌ಗೆ. ನನ್ನ ಚೀಟಿಯಾಟದಿಂದ ಅಲ್ಲ ಬಿಡಿ. ಚಹಾ ಲೋಟದ ಉಪಾಯ ಆ ದೇಶಕ್ಕೆ ನನಗಿಂತ ಮೊದಲೇ ಗೊತ್ತಿತ್ತು.

ನಾನು ನಿಜವಾಗಿ ಪಾಠ ಕಲಿತದ್ದು ಚಿತವನ್ ಜಿಲ್ಲೆಯ ಶಕ್ತಿಖೋರ್ ಶಿಬಿರದಲ್ಲಿ. ಮಾವೋವಾದಿ ಸೈನಿಕರಲ್ಲಿ 19,602 ಮಂದಿಯನ್ನು ವಿಶ್ವಸಂಸ್ಥೆ ಪರಿಶೀಲಿಸಿ ಒಪ್ಪಿತ್ತು. ಅವರೆಲ್ಲ 7 ದೊಡ್ಡ ಶಿಬಿರ, 21 ಸಣ್ಣ ಶಿಬಿರಗಳಲ್ಲಿ ಇದ್ದರು. ಬಂದೂಕುಗಳು ಕಂಟೇನರ್ ಒಳಗೆ. ಕಂಟೇನರಿಗೆ ಬೀಗ. ಕೀಲಿ ಮಾವೋವಾದಿಗಳ ಹತ್ತಿರವೇ! ಮೊದಲ ಸಲ ಕೇಳಿದಾಗ ನನಗೆ ನಗು ಬಂತು. ಬಂದೂಕು ಯಾರದೋ ಅವರಿಗೇ ಕೀಲಿ ಕೊಟ್ಟರೆ ಬೀಗ ಯಾಕೆ? ಆದರೆ ಬಾಗಿಲಿನ ಮೇಲೆ ವಿಶ್ವಸಂಸ್ಥೆಯ ಕ್ಯಾಮೆರಾ, ಜೊತೆಗೊಂದು ಸೈರನ್. ಹೇಳದೆ ತೆಗೆದರೆ ಹೊಡೆದುಕೊಳ್ಳುತ್ತದೆ. ಸೇನೆಯೂ ಅಷ್ಟೇ ಸಂಖ್ಯೆಯ ಬಂದೂಕುಗಳನ್ನು ಹೀಗೇ ಬೀಗ ಹಾಕಿ ಇಡಬೇಕಿತ್ತು. ಯಾರೂ ಯಾರನ್ನೂ ನಂಬಬೇಕಿರಲಿಲ್ಲ. ಸೋತೆವು ಅಂತಲೂ ಯಾರಿಗೂ ಅನಿಸಲಿಲ್ಲ. ಮಾತು ತಪ್ಪಿದರೆ ಊರಿಗೆಲ್ಲ ಕೇಳಿಸುತ್ತದೆ, ಅಷ್ಟೇ.

ವಾಪಸ್ ಬಂದು ನನ್ನ ಕರಡುಗಳನ್ನು ತೆಗೆದು ನೋಡಿದೆ. ಒಂದರಲ್ಲೂ ಸೈರನ್ ಇರಲಿಲ್ಲ. "ಪ್ರಮುಖ ನೇಮಕಗಳನ್ನು ಸಹಮತಿಯಿಂದ ಮಾಡತಕ್ಕದ್ದು" ಅನ್ನುವ ಒಂದು ಸಾಲಿನ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು. ಎರಡೂ ಕಡೆಯವರು ಓದಿ ತಲೆ ಆಡಿಸಿದ್ದರು. ಯಾರ ಸಹಮತಿ? ಸಿಗದಿದ್ದರೆ ಎಷ್ಟು ದಿನ ಕಾಯಬೇಕು? ಕಾಯದೆ ಒಬ್ಬರು ಆದೇಶ ಹೊರಡಿಸಿದರೆ ಏನು? ಬರೆದಿರಲಿಲ್ಲ. ಬರೆದಿದ್ದರೆ ಅವರು ತಲೆ ಆಡಿಸುತ್ತಿರಲಿಲ್ಲ, ಅದೂ ನಿಜ. ಅವತ್ತಿನ ಸಭೆ ಮುಗಿಯಲಿ ಅಂತ ನಾನು ಆ ಪ್ರಶ್ನೆಗಳನ್ನು ನುಂಗಿಕೊಂಡಿದ್ದೆ.

2009ರ ಮೇ 3ರಂದು ಅದೇ ಆಯಿತು. ಸೇನಾ ಮುಖ್ಯಸ್ಥ ರುಕ್ಮಾಂಗದ ಕಟವಾಲ್ ಅವರನ್ನು ಸಂಪುಟ ವಜಾ ಮಾಡಿತು. ಹೊಸ ನೇಮಕಾತಿಯ ವಿಷಯದಲ್ಲಿ ಸೇನೆಗೂ ಸರ್ಕಾರಕ್ಕೂ ತಿಂಗಳುಗಳಿಂದ ಜಟಾಪಟಿ ನಡೆದಿತ್ತು. ಎಮಾಲೆ ಸರ್ಕಾರದಿಂದ ಹೊರಗೆ ನಡೆಯಿತು. ರಾಷ್ಟ್ರಪತಿ ಸೇನಾ ಮುಖ್ಯಸ್ಥರಿಗೆ "ನೀವು ಮುಂದುವರಿಯಿರಿ" ಅಂತ ಪತ್ರ ಬರೆದರು. ಮಾರನೇ ದಿನ ಪ್ರಚಂಡ ರಾಜೀನಾಮೆ ಕೊಟ್ಟರು. ಒಂಬತ್ತು ತಿಂಗಳೂ ತುಂಬಿರಲಿಲ್ಲ. ಪ್ರಧಾನಿ ಒಂದು ಕಡೆ, ರಾಷ್ಟ್ರಪತಿ ಇನ್ನೊಂದು ಕಡೆ ಅನ್ನುವ ನಮ್ಮ 'ಒಳ್ಳೆಯ ಸಮತೋಲ' ಹೀಗೆ ಮುಗಿಯಿತು.

ಆಮೇಲೆ ನಾನು ಕೆಲಸ ಮಾಡುವ ರೀತಿ ಬದಲಾಯಿತು. ಪ್ರತಿ ಸಾಲಿನ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಎರಡು ಪ್ರಶ್ನೆ ಬರೆಯಲು ಶುರು ಮಾಡಿದೆ: ಕೀಲಿ ಯಾರ ಹತ್ತಿರ? ಸೈರನ್ ಎಲ್ಲಿ? 'ಆದಷ್ಟು ಬೇಗ', 'ಸೂಕ್ತ ರೀತಿಯಲ್ಲಿ' ಅನ್ನುವ ಮಾತುಗಳನ್ನು ಹೊಡೆದು ಹಾಕಿದೆ. ಬದಲಿಗೆ ತಾರೀಖು, ಅದೂ ಅಲ್ಲಿಯವರು ಬಳಸುವ ವಿಕ್ರಮ ಸಂವತ್ ಕ್ಯಾಲೆಂಡರಿನದು. ಒಮ್ಮೆ ನಾನು ಇಂಗ್ಲಿಷ್ ಕ್ಯಾಲೆಂಡರಿನ ತಾರೀಖು ಬರೆದಿದ್ದಕ್ಕೆ, ಒಬ್ಬರು ಬರುವ ವಾರ ಅಂದುಕೊಂಡು, ಇನ್ನೊಬ್ಬರು ಬರುವ ತಿಂಗಳು ಅಂದುಕೊಂಡು ಹೋಗಿದ್ದರು.

ಪೆನ್ಸಿಲ್ ಯಾಕೆ ಅಂದರೆ ಅದಕ್ಕೂ ಒಂದು ಕತೆ ಇದೆ. 2009ರ ಆರಂಭದಲ್ಲಿ ಕಠ್ಮಂಡುವಿನಲ್ಲಿ ದಿನಕ್ಕೆ 16 ಗಂಟೆ ಕರೆಂಟ್ ಇರುತ್ತಿರಲಿಲ್ಲ. ಲ್ಯಾಪ್‌ಟಾಪ್ ಸತ್ತು ಬಿದ್ದಿರುತ್ತಿತ್ತು. ಮೇಣದ ಬತ್ತಿ ಇಟ್ಟುಕೊಂಡು ಕೈಯಲ್ಲೇ ಬರೆಯುತ್ತಿದ್ದೆ. ಪ್ರಿಂಟ್ ಹಾಕಿದ ಕಾಗದ ಕೊಟ್ಟರೆ ನಾಯಕರು ಅದನ್ನು ಮುಟ್ಟುತ್ತಿರಲಿಲ್ಲ, "ಪಕ್ಷದಲ್ಲಿ ಕೇಳಬೇಕು" ಅನ್ನುತ್ತಿದ್ದರು. ಅದೇ ಮಾತು ನನ್ನ ಕೆಟ್ಟ ಅಕ್ಷರದಲ್ಲಿ ಇದ್ದರೆ ಪೆನ್ಸಿಲ್ ಕಿತ್ತುಕೊಂಡು ತಾವೇ ತಿದ್ದುತ್ತಿದ್ದರು. ತಿದ್ದಿದ ಮೇಲೆ ಅದು ಅವರದೇ ಕಾಗದ. ಕರೆಂಟ್ ಬಂದರೂ ಆಮೇಲೆ ನಾನು ಪ್ರಿಂಟರ್ ಹತ್ತಿರ ಹೋಗುತ್ತಿರಲಿಲ್ಲ.

ನಿಯಮದಲ್ಲಿ ಒಂದು ಸಣ್ಣ ತೂತು ಇದ್ದರೆ ಏನಾಗುತ್ತೆ ಅನ್ನೋದನ್ನೂ ಅಲ್ಲೇ ನೋಡಿದೆ. ಪ್ರಚಂಡರ ನಂತರ ಪ್ರಧಾನಿಯಾಗಿದ್ದ ಎಮಾಲೆಯ ಮಾಧವ್ ಕುಮಾರ್ ನೇಪಾಳ್ 2010ರ ಜೂನ್ 30ರಂದು ರಾಜೀನಾಮೆ ಕೊಟ್ಟರು. ಹೊಸ ಪ್ರಧಾನಿಗಾಗಿ ಬಾನೇಶ್ವರದ ಸಭಾಭವನದಲ್ಲಿ ಮತದಾನ ಶುರುವಾಯಿತು. ಗೆಲ್ಲಲು ಇಡೀ ಸದನದ ಅರ್ಧಕ್ಕಿಂತ ಜಾಸ್ತಿ ಮತ ಬೇಕು. ಆದರೆ ಸದಸ್ಯರು 'ತಟಸ್ಥ' ಅಂತಲೂ ಉಳಿಯಬಹುದು. ಎಮಾಲೆ ತಟಸ್ಥ ಉಳಿಯಿತು. ಏಳು ಸುತ್ತು ಆದ ಮೇಲೆ ಪ್ರಚಂಡ ಹಿಂದೆ ಸರಿದರು. ಕಾಂಗ್ರೆಸ್ಸಿನ ರಾಮಚಂದ್ರ ಪೌಡೇಲ್ ಒಬ್ಬರೇ ಕಣದಲ್ಲಿ. ಎದುರಾಳಿಯೇ ಇಲ್ಲ, ಆದರೂ ಗೆಲುವಿಲ್ಲ! ನಗಬೇಡಿ, ಹೀಗೆ 16 ಸುತ್ತು ನಡೆಯಿತು. ಹತ್ತನೆಯದೋ ಹನ್ನೊಂದನೆಯದೋ ಸುತ್ತಿನ ದಿನ, ನಮ್ಮ ಚಹಾ ಲೋಟದ ಹಿರಿಯರು ಸಿಕ್ಕಿದ್ದರು. "ದಾಯಿ, ಇವತ್ತು ಯಾರಿಗೆ ಮತ?" ಅಂತ ಕೇಳಿದೆ. "ಕುರ್ಚಿಗೆ" ಅಂದು ನಡೆದುಬಿಟ್ಟರು.

ಕೊನೆಗೆ ನಿಯಮ ಬದಲಾಯಿತು. ತಟಸ್ಥ ಉಳಿಯುವಂತಿಲ್ಲ, ಸುತ್ತುಗಳಿಗೂ ಮಿತಿ. 2011ರ ಫೆಬ್ರವರಿ 3ರಂದು ಎಮಾಲೆಯ ಝಲನಾಥ್ ಖನಾಲ್ 368 ಮತಗಳಿಂದ ಗೆದ್ದರು, ಮಾವೋವಾದಿಗಳ ಬೆಂಬಲದಿಂದ. ಇಬ್ಬರ ನಡುವೆ ಏಳು ಅಂಶಗಳ ಒಪ್ಪಂದವೊಂದು ಗುಟ್ಟಾಗಿ ಆಗಿತ್ತು. ಅದು ಹೊರಗೆ ಬಿದ್ದ ಕೂಡಲೇ ಖನಾಲ್ ಅವರ ಪಕ್ಷದೊಳಗೇ ರಂಪ. ಯಾವ ಖಾತೆಯ ಮೇಲೆ ಅಂತ ಕೇಳಬೇಕಾ? ಗೃಹ ಖಾತೆ ಮಾವೋವಾದಿಗಳ ಕೈಗೆ ಬರಲು ಮೇ ತಿಂಗಳೇ ಆಯಿತು.

ಇಷ್ಟರಲ್ಲಿ, 2011ರ ಜನವರಿ 15ಕ್ಕೆ, ವಿಶ್ವಸಂಸ್ಥೆಯ ತಂಡ ಗಂಟುಮೂಟೆ ಕಟ್ಟಿತ್ತು. ಕ್ಯಾಮೆರಾ ನೋಡುವ ಕೆಲಸ ಪಕ್ಷಗಳೇ ಸೇರಿ ಮಾಡಿಕೊಂಡ ವಿಶೇಷ ಸಮಿತಿಗೆ ಬಂತು. ಕೀಲಿ ಮಾತ್ರ ಮಾವೋವಾದಿಗಳ ಹತ್ತಿರವೇ ಇತ್ತು. ಆಗಸ್ಟ್ ಕೊನೆಗೆ ಮಾವೋವಾದಿಗಳ ಬಾಬುರಾಮ್ ಭಟ್ಟರಾಯಿ ಪ್ರಧಾನಿ ಆದರು. ಕೆಲವೇ ದಿನಗಳಲ್ಲಿ ಕಂಟೇನರ್ ಕೀಲಿಗಳನ್ನು ಸಮಿತಿಗೆ ಕೊಡುವ ತೀರ್ಮಾನ ಆಯಿತು. ಅವರದೇ ಪಕ್ಷದ ಒಂದು ಬಣ ಇದನ್ನು ಶರಣಾಗತಿ ಅಂತ ಬೈಯಿತು. ಆದರೂ ಕೀಲಿ ಕೈ ಬದಲಾಯಿತು. ನವೆಂಬರ್ 1ರ ಒಪ್ಪಂದದಲ್ಲಿ 6,500 ಮಂದಿಯವರೆಗೆ ಸೇನೆಗೆ ಸೇರಬಹುದು ಅಂತ ಬರೆದರು. ಆ ಸಂಖ್ಯೆಗಾಗಿ ವರ್ಷಗಟ್ಟಲೆ ಕಿತ್ತಾಡಿದ್ದರು. ಕೊನೆಗೆ ಸೇರಿದವರು ಸುಮಾರು 1,400. ಉಳಿದವರಲ್ಲಿ ಹೆಚ್ಚಿನವರು ದುಡ್ಡು ತೆಗೆದುಕೊಂಡು ಮನೆಗೆ ಹೋದರು.

ಕೀಲಿ ಕೊಟ್ಟ ದಿನ ಸಂಜೆ ಹಿರಿಯರಿಗೆ ಫೋನ್ ಮಾಡಿದೆ. ಅವರ ಪಕ್ಷ ಆಗ ವಿರೋಧ ಪಕ್ಷದಲ್ಲಿತ್ತು. "ದಾಯಿ, ಕೀಲಿ ಬಂತಂತೆ" ಅಂದೆ. "ಬಂತು" ಅಂದರು. "ಮತ್ತೆ ಗೃಹ ಖಾತೆ?" ಅವರು ಸ್ವಲ್ಪ ಹೊತ್ತು ನಕ್ಕರು. ಈ ಸಲ ಅದು ಮಧೇಸಿ ಪಕ್ಷಗಳ ಕಡೆಯ ವಿಜಯ್ ಕುಮಾರ್ ಗಚ್ಛದಾರ್ ಪಾಲಾಗಿತ್ತು. "ಲೋಟ ಬೇರೆ ಭಾಇ" ಅಂದರು, "ಚೀಟಿ ಅದೇ."