ಗ್ರಾಸ್ ಬ್ಲೂ ಚಿಟ್ಟೆಗಳನ್ನು ಗುರುತಿಸಲು ರೆಕ್ಕೆಯ ಅಡಿಭಾಗ ನೋಡಿ

ನಮ್ಮ ಚಿಟ್ಟೆ ವೀಕ್ಷಕರ ಗುಂಪಿನಲ್ಲಿ ಹಾಕುವ, ಗ್ರಾಸ್ ಬ್ಲೂ ಎಂಬ ಪುಟ್ಟ ನೀಲಿ ಚಿಟ್ಟೆಗಳ ಫೋಟೋ ಹೆಚ್ಚಾಗಿ ರೆಕ್ಕೆ ಬಿಚ್ಚಿದ್ದಾಗಿನದು. ನೋಡಲು ಚೆಂದ, ಆದರೆ ಗುರುತಿಸಲು ಸಾಲದು. ಮೇಲ್ಭಾಗದ ಬಣ್ಣ ಗಂಡು-ಹೆಣ್ಣಿಗೂ ಋತುವಿಗೂ ತಕ್ಕಂತೆ ಬದಲಾಗುತ್ತದೆ. ದಯವಿಟ್ಟು ರೆಕ್ಕೆ ಮಡಿಚಿ ಕೂತಾಗ ಪಕ್ಕದಿಂದ ಒಂದು ಫೋಟೋ ತೆಗೆಯಿರಿ.

ಇಲ್ಲಿ ಹೇಳುವುದು ಪೇಲ್, ಡಾರ್ಕ್, ಲೆಸ್ಸರ್, ಟೈನಿ ಎಂಬ ನಾಲ್ಕು ಬಗೆಯ ಗ್ರಾಸ್ ಬ್ಲೂಗಳ ಬಗ್ಗೆ. ಮೊದಲು ಮುಂರೆಕ್ಕೆಯ ಅಡಿಭಾಗ ನೋಡಿ. ರೆಕ್ಕೆಯ ನಡುವೆ ಇರುವ ಸಣ್ಣ ಗೆರೆಗಿಂತ ಒಳಗೆ, ಬುಡದ ಕಡೆ, ಒಂಟಿ ಚುಕ್ಕೆ ಇದ್ದರೆ ಪೇಲ್ ಅಥವಾ ಡಾರ್ಕ್ ಗ್ರಾಸ್ ಬ್ಲೂ. ಡಾರ್ಕ್‌ನಲ್ಲಿ ಚುಕ್ಕೆಗಳು ಹೆಚ್ಚು ಗಾಢ. ಆ ಚುಕ್ಕೆ ಇಲ್ಲದಿದ್ದರೆ ಲೆಸ್ಸರ್ ಅಥವಾ ಟೈನಿ. ಲೆಸ್ಸರ್‌ನ ಹಿಂರೆಕ್ಕೆಯ ಚುಕ್ಕೆಸಾಲಿನಲ್ಲಿ ಮೇಲಿನಿಂದ ಎರಡನೆಯದು ಒಳಕ್ಕೆ ಸರಿದಿರುತ್ತದೆ. ನನಗೆ ಅತ್ಯಂತ ನಂಬಿಕೆಯ ಗುರುತು ಇದೇ. ಟೈನಿಯಲ್ಲಿ ಮುಂರೆಕ್ಕೆಯ ಮೇಲಂಚಿನಲ್ಲೇ ಸಣ್ಣ ಚುಕ್ಕೆ ಕಾಣುತ್ತದೆ. ಫೋಟೋದಲ್ಲಿ ಈ ಅಂಚು ಮಸುಕಾಗಿದ್ದರೆ ಹೆಸರು ಹೇಳಲು ಆತುರಪಡಬೇಡಿ.