ಐದೂವರೆ ಲಕ್ಷ ಕಿಲೋಮೀಟರ್, ಒಂದು ಡಬ್ಬಿ ಜೇನುಮೇಣ

ನನ್ನ ಟೊಯೋಟಾ ಕ್ವಾಲಿಸ್ 5 ಲಕ್ಷ 60 ಸಾವಿರ ಕಿ.ಮೀ. ದಾಟಿತು. 2003ರ ಮಾಡೆಲ್, ಡೀಸೆಲ್. ನಾನು ಮೂರನೆಯ ಓನರ್. 2011ರಲ್ಲಿ ತಗೊಂಡಾಗ ಮೀಟರ್ 2 ಲಕ್ಷ 30 ಸಾವಿರದ ಹತ್ತಿರ ಇತ್ತು. ಮನೆ ಕಾರವಾರದಲ್ಲಿ, ಕೆಲಸ ಅಂಕೋಲೆಯಲ್ಲಿ, ತೋಟ ಶಿರಸಿ ಕಡೆ. ದಿನಕ್ಕೆ ಎಪ್ಪತ್ತು ಕಿ.ಮೀ. ಸುಮ್ನೆ ಆಗುತ್ತದೆ. ತಿಂಗಳಿಗೆರಡು ಸಲ ದೇವಿಮನೆ ಘಟ್ಟ ಹತ್ತಿ ಇಳಿಯುವುದು ಬೇರೆ.

ಎಂಜಿನ್ ವಿಷಯ ಜಾಸ್ತಿ ಬರೆಯುವುದಿಲ್ಲ. ಆಯಿಲ್ 5 ಸಾವಿರ ಕಿ.ಮೀ.ಗೆ ಬದಲಿಸುತ್ತೇನೆ. ಟೈಮಿಂಗ್ ಬೆಲ್ಟಿಗೆ ಲಕ್ಷದ ತನಕ ಕಾಯದೆ 80 ಸಾವಿರಕ್ಕೇ ಕೈ ಹಾಕುತ್ತೇನೆ. ಎಂಜಿನ್ ಹೆಡ್ ಇನ್ನೂ ಬಿಚ್ಚಿಲ್ಲ. ನಮ್ಮ ಕರಾವಳಿಯಲ್ಲಿ ಹಳೆ ಗಾಡಿಯನ್ನು ಮುಗಿಸುವುದು ತುಕ್ಕು. ಅದನ್ನು ಜೇನುಮೇಣದಿಂದ ತಡೆದ ಕಥೆ ಇದು. ಯಾವ ಗುಜರಿಗೆ ಬೇಕಾದರೂ ಹೋಗಿ ನೋಡಿ, ಎಂಜಿನ್ ಗಟ್ಟಿಯಿರುತ್ತದೆ, ಕಾಲಿಡಲು ಫ್ಲೋರ್ ಇರುವುದಿಲ್ಲ.

ನನ್ನದರ ಕಥೆ ಮೊದಲ ಮಳೆಗಾಲದಲ್ಲೇ ಗೊತ್ತಾಯಿತು. ಕಿಟಕಿ ಏರಿಸಿದರೆ ಬಂಗಡೆ ವಾಸನೆ. ಹಿಂದಿನವರು ಹಿಂಬದಿಯಲ್ಲಿ ಮೀನಿನ ಬಾಕ್ಸ್ ಹೇರಿದ್ದರು. ಐಸ್ ಕರಗಿದ ಉಪ್ಪುನೀರು ಮ್ಯಾಟಿನ ಕೆಳಗೆ ಇಳಿದಿತ್ತು. ಮ್ಯಾಟ್ ಎತ್ತಿದರೆ ಹಪ್ಪಳದ ಹಾಗೆ ತುಕ್ಕು ಎದ್ದು ಬಂತು.

2012ರಲ್ಲಿ ಒಂದು ಅಂಗಡಿಯಲ್ಲಿ 4,500 ಕೊಟ್ಟು ತಳಕ್ಕೆ ಕಪ್ಪು ಕೋಟಿಂಗ್ ಹೊಡೆಸಿದೆ. ತುಕ್ಕು ಕೆರೆಯದೆ ಅದರ ಮೇಲೇ ಹೊಡೆದಿದ್ದರು. ನಾನೂ ನಿಂತು ನೋಡುತ್ತಿದ್ದೆ, ತಲೆಗೆ ಹೋಗಲಿಲ್ಲ. ಎರಡು ಮಳೆಗಾಲ ಚಂದ ಕಂಡಿತು. 2014ರಲ್ಲಿ ಸ್ಕ್ರೂಡ್ರೈವರ್ ತಾಗಿಸಿದರೆ ಸೀದಾ ಒಳಗೆ ಹೋಯಿತು. ಕೋಟಿಂಗಿನ ಒಳಗೆ ನೀರು ಕೂತು ಆರಾಮಾಗಿ ತಿಂದಿತ್ತು. ತೇಪೆ, ವೆಲ್ಡಿಂಗ್, ಪೇಂಟ್ ಸೇರಿ 18 ಸಾವಿರದ ಮೇಲೆ ಹೋಯಿತು. ಗ್ಯಾರೇಜಿನವ ಅಂದ, "ಮಾರಿಬಿಡಿ ಸರ್, ಇನ್ನೆರಡು ವರ್ಷ ಕಷ್ಟ."

ಆಮೇಲೆ ಹಳೆ ಎಂಜಿನ್ ಆಯಿಲ್ ಬಳಿದೆ. ಅದು ರಬ್ಬರ್ ಬುಷ್‌ಗಳಿಗೆ ತಾಗಿ ಅವು ಉಬ್ಬಿ ಮೆತ್ತಗಾದವು. ಏಳು ಸಾವಿರ ದಂಡ. ಅಂಗಳದ ಕಲೆಗೆ ಮನೆಯಲ್ಲಿ ಸಿಕ್ಕ ಮಾತಿಗೆ ಲೆಕ್ಕ ಇಟ್ಟಿಲ್ಲ.

ಇನ್ನೊಂದು ದಡ್ಡತನ ಇದೆ. ಪ್ರತಿ ಭಾನುವಾರ ಕಾರವಾರದ ಮನೆಯಲ್ಲಿ ಬಾವಿ ನೀರಿನಿಂದ ತಳ ತೊಳೆಯುತ್ತಿದ್ದೆ. ಏಪ್ರಿಲ್ ಹೊತ್ತಿಗೆ ನಮ್ಮ ಬಾವಿ ಉಪ್ಪಾಗುತ್ತದೆ. ಆ ನೀರಲ್ಲಿ ಮಾಡಿದ ಚಹಾ ನಾವೇ ಕುಡಿಯುವುದಿಲ್ಲ, ಗಾಡಿಗೆ ಮಾತ್ರ ಹೊಯ್ಯುತ್ತಿದ್ದೆ! ಈಗ ತಳ ತೊಳೆಯುವುದೇನಿದ್ದರೂ ತೋಟದ ಮನೆಯ ಅಬ್ಬಿ ನೀರಿನಲ್ಲೇ. ಗುಡ್ಡದಿಂದ ಇಳಿದು ಬರುವ ನೀರು, ಒತ್ತಡ ಸಾಕಷ್ಟಿದೆ, ಕರೆಂಟೂ ಬೇಡ.

ಮೇಣದ ಯೋಚನೆ ಹುಟ್ಟಿದ್ದು ಅಲ್ಲೇ. ಜೇನುಪೆಟ್ಟಿಗೆಯ ಹಳೆ ಎರಿ ಕರಗಿಸಿದ ಮೇಣ ಅಟ್ಟದ ಮೇಲೆ ಬಿದ್ದಿತ್ತು. ನೀರು ತಾಗದ ವಸ್ತು. ಎಣ್ಣೆಯ ಜೊತೆ ಕರಗಿಸಿದರೆ ತಣಿದ ಮೇಲೂ ಮೆತ್ತಗಿರುತ್ತದೆ, ಪೇಂಟಿನ ಹಾಗೆ ಬಿರಿಯುವುದಿಲ್ಲ. ಭಾವ ನಕ್ಕ. "ಎಂತ ಮಾರಾಯ, ಗಾಡಿಗೆ ಮೇಣದ ಬತ್ತಿ ಮಾಡ್ತಿಯಾ?"

2017ರ ಮೊದಲ ಪ್ರಯತ್ನವೂ ಹಾಳಾಯಿತು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲೆಸಿದ ಔಷಧ ಹೊಡೆಯುವ ಪಂಪನ್ನೇ ಸ್ವಲ್ಪ ತೊಳೆದು ಬಳಸಿದೆ. ಒಳಗೆ ಮೈಲುತುತ್ತದ (ತಾಮ್ರದ ಸಲ್ಫೇಟ್) ಗಸಿ ಉಳಿದಿತ್ತು. ಔಷಧ ಹದ ಬಂತಾ ಅಂತ ಕತ್ತಿ ಅದ್ದಿ ನೋಡುತ್ತೇವಲ್ಲ, ಸುಣ್ಣ ಕಡಿಮೆಯಾದರೆ ಕಬ್ಬಿಣಕ್ಕೆ ತಾಮ್ರ ಹಿಡಿಯುತ್ತದೆ. ಅದೇ ಕೆಲಸ ನನ್ನ ಫ್ಲೋರಿನಲ್ಲಿ ಆಯಿತು, ತಾಮ್ರ ಹಿಡಿದಲ್ಲಿ ತುಕ್ಕು ಇನ್ನೂ ಬೇಗ ತಿಂದಿತು. ಅಡಿಕೆ ಬೆಳೆಗಾರನಾಗಿ ನನಗೆ ಇದು ಮೊದಲೇ ಹೊಳೆಯಬೇಕಿತ್ತು, ನಾಚಿಕೆ.

2018ರಿಂದ ಒಂದೇ ಕ್ರಮ. ಮೇ ಮೊದಲ ವಾರ ಚಿರೆಕಲ್ಲಿನ ಎರಡು ಸಾಲಿನ ಮೇಲೆ ಗಾಡಿ ಹತ್ತಿಸುತ್ತೇನೆ. ಬಾಗಿಲು ಮತ್ತು ಫುಟ್‌ಬೋರ್ಡಿನ ಕೆಳಗೆ ನೀರಿಳಿಯುವ ತೂತುಗಳಿವೆ, ಅವನ್ನು ತಂತಿಯಿಂದ ಬಿಡಿಸುತ್ತೇನೆ. ಘಟ್ಟದ ಕೆಂಪುಮಣ್ಣು ಅದರಲ್ಲಿ ಇಟ್ಟಿಗೆಯ ಹಾಗೆ ಕೂತಿರುತ್ತದೆ. ಅರ್ಧ ಗೆಲುವು ಇದೇ, ಖರ್ಚು ಸೊನ್ನೆ. ಆಮೇಲೆ ವೈರ್ ಬ್ರಷ್, ಬೇಕಾದಲ್ಲಿ ತುಕ್ಕು ತಡೆಯುವ ರೆಡ್ ಆಕ್ಸೈಡ್ ಪೇಂಟ್, ಮೂರು ದಿನ ಬಿಸಿಲು. ಪೂರ್ತಿ ಒಣಗಿದ ಮೇಲೆ ಮೇಣ. ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟೇ ಕರಗಿಸುವುದು, ನೇರ ಒಲೆಗೆ ಇಟ್ಟರೆ ಬೆಂಕಿ ಹತ್ತುತ್ತದೆ. ಹೊಸ ಪಂಪು. ಬ್ರೇಕ್ ಮತ್ತು ಸೈಲೆನ್ಸರಿಗೆ ಗೋಣಿ ಸುತ್ತಬೇಕು. ಯಾವ ಎಣ್ಣೆ, ಎಷ್ಟಕ್ಕೆ ಎಷ್ಟು ಅಂತ ಮಾತ್ರ ಕೇಳಬೇಡಿ. ಅಷ್ಟು ದಂಡ ಕಟ್ಟಿ ಕಲಿತದ್ದು, ಅಲ್ವಾ? ಮೇಣ ಕಟ್ಟದ ಹಾಗೆ ನಳಿಕೆ ಹೇಗೆ ಮಾಡಿದೆ ಅನ್ನುವುದೂ ನನ್ನಲ್ಲೇ ಇರಲಿ.

ನಡುವೆ ಬಾಗಿಲ ರಬ್ಬರಿಗೆ ಮುರುಗಲು (ಪುನರ್ಪುಳಿ) ಬೀಜದ ತುಪ್ಪ ಹಚ್ಚಿ ನೋಡಿದೆ. ಒಡೆದ ಹಿಮ್ಮಡಿಗೆ ಆಗುವುದು ರಬ್ಬರಿಗೂ ಆಗಲಿ ಅಂತ. ಮೊದಲು ಇರುವೆ ಬಂತು, ಆಮೇಲೆ ಇಲಿ. ಇಲಿ ರಬ್ಬರ್ ಬಿಟ್ಟು ಹೆಡ್‌ಲೈಟಿನ ವೈರ್ ಕಡಿಯಿತು. ಮೂರು ಸಾವಿರ ಚಿಲ್ಲರೆ.

ವರ್ಷಕ್ಕೆ ಈಗ ಎರಡು ಸಾವಿರದೊಳಗೆ ಮುಗಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೀಳುವ ನಮ್ಮ ಮಳೆಗೆ ಹೊಸ ತೂತು ಒಂದೂ ಬಿದ್ದಿಲ್ಲ. ಆರ್‌ಸಿ (ಗಾಡಿಯ ನೋಂದಣಿ) ರಿನ್ಯೂವಲ್‌ಗೆ 2018ರಲ್ಲಿ ಫೀ 600 ಇತ್ತು, 2022ರ ಏಪ್ರಿಲ್‌ನಿಂದ 5,000 ಆಯಿತು. 2023ರಲ್ಲಿ ಅಷ್ಟನ್ನೂ ಕಟ್ಟಿದೆ. ತಪಾಸಣೆಗೆ ಬಂದವರು ಬಗ್ಗಿ ಟಾರ್ಚ್ ಬಿಟ್ಟು, ಬೆರಳು ತಾಗಿಸಿ, "ಎಂಥದು ಇದು, ಜಿಡ್ಡು?" ಅಂದರು. ಹೇಳಿದೆ. ಬೆರಳು ಮೂಸಿ ನೋಡಿದರು. ಪಾಸ್.

ಕಳೆದ ಮೇನಲ್ಲಿ ಭಾವ ಮೂರು ವರ್ಷದ ತನ್ನ ಗಾಡಿ ತಂದು ಚಿರೆಕಲ್ಲಿನ ಮೇಲೆ ನಿಲ್ಲಿಸಿದ. ಬತ್ತಿಯ ಮಾತು ಇಬ್ಬರೂ ಎತ್ತಲಿಲ್ಲ. ಮೇಣ ಅವನದೇ, ಕಲೆಸಿದ್ದು ನಾನು, ಅವನು ಚಹಾ ತರಲು ಒಳಗೆ ಹೋದಾಗ.

ಎಡಗಡೆ ಹಿಂದಿನ ಚಕ್ರದ ಮೇಲಿನ ಹಳೆ ತೇಪೆ ಇನ್ನೂ ಸರಿಯಾಗಿಲ್ಲ. ಪ್ರತಿ ಮಳೆಗಾಲ ಅಂಚಿನಲ್ಲಿ ಕೆಂಪು ಗೆರೆ ಇಳಿಯುತ್ತದೆ. ಅದನ್ನು ಪೂರ್ತಿ ಕತ್ತರಿಸಿ ತೆಗೆದು ಹೊಸ ತಗಡು ಕೂರಿಸಬೇಕು. ದೀಪಾವಳಿ ಕಳೆದು ಮಳೆ ಬಿಟ್ಟ ಮೇಲೆ.